ಬರಿಗೈ ದಿಣ್ಣೆ

ಸೀಗೆಹಾಳದ ಕೆರೆ ಏರಿಯ ಮೇಲೆ ನಡೆದು ಹೋದರೆ ಹುಣಸೆಮರದ ಬುಡದಲ್ಲಿ ಸಾಲಾಗಿ ಆರು ವೀರಗಲ್ಲುಗಳು ನಿಂತಿವೆ. ಆರೂ ಒಂದೇ ಮನೆತನದವು, ಈ ಊರಿನ ತಳವಾರರ ಮನೆಯವು. ಊರು ಕಾಯುವುದು, ಕಳ್ಳರು ಬಂದರೆ ಅಡ್ಡ ನಿಲ್ಲುವುದು, ಸತ್ತರೆ ಕಲ್ಲಾಗುವುದು ಅವರ ಪಾಲಿನ ಕೆಲಸ. ಆರು ಕಲ್ಲುಗಳಲ್ಲೂ ಮೀಸೆ ಹೊತ್ತ ಗಂಡಸರು ಕತ್ತಿ ಎತ್ತಿ ನಿಂತಿದ್ದಾರೆ. ಏಳನೆಯವನು ಮಾತ್ರ ಈ ಸಾಲಿನಲ್ಲಿಲ್ಲ. ಏರಿ ಇಳಿದು, ಕೋಡಿಹಳ್ಳ ದಾಟಿ, ಲಂಟಾನದ ಪೊದೆ ಸರಿಸಿಕೊಂಡು ಹತ್ತಿದರೆ ಒಂದು ಸಣ್ಣ ದಿಣ್ಣೆ ಸಿಗುತ್ತದೆ. ಅದರ ನೆತ್ತಿಯ ಮೇಲೆ ಅವನ ಕಲ್ಲು ಒಂಟಿಯಾಗಿ ನಿಂತಿದೆ. ಬಲಗೈ ಮೇಲೆದ್ದಿದೆ, ಕೈಯಲ್ಲಿ ಏನೂ ಇಲ್ಲ. ಕತ್ತಿ ಇರಬೇಕಾದ ಜಾಗದಲ್ಲಿ ಕಲ್ಲು ತಗ್ಗಾಗಿ, ನುಣುಪಾಗಿದೆ. ಹತ್ತು ವರ್ಷದ ಕೆಳಗೆ ಟೇಪು ಹಿಡಿದು ಅಳೆಯಲು ಬಂದವರೊಬ್ಬರು ತಮ್ಮ ಪುಸ್ತಕದಲ್ಲಿ 'ಭಗ್ನ ವೀರಗಲ್ಲು' ಎಂದು ಬರೆದುಕೊಂಡರು. "ಭಗ್ನ ಅಲ್ಲ ಸ್ವಾಮಿ, ಬೇಕೆಂದೇ ಸವೆಸಿದ್ದು" ಎಂದೆ. ಅವರು ನಕ್ಕು, ಬರೆದದ್ದನ್ನು ಹಾಗೇ ಬಿಟ್ಟು, ನಮ್ಮ ಮನೆಯ ಮಜ್ಜಿಗೆ ಕುಡಿದು ಹೊರಟುಹೋದರು. ಬಲ್ಲವರಿಗೆ ಹೇಳಲು ಹೋದದ್ದು ನನ್ನದೇ ತಪ್ಪು. ಮೂವತ್ತೆರಡು ವರ್ಷ ಈ ಊರಿನ ಮಾತೆಯ ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ, ಉಪದೇಶಿಯಾಗಿ ಗಂಟೆ ಹೊಡೆದು ಜಪ ಹೇಳಿಸಿದವನು ನಾನು. ನನಗೆ ಇದನ್ನು ಹೇಳಿದವರು ನನಗಿಂತ ಹಿಂದಿನ ಉಪದೇಶಿ ರಾಯಪ್ಪನವರು, ಅವರಿಗೆ ಅವರ ಅಜ್ಜಿ.

ಹಿಂದೆ ಒಮ್ಮೆ, ಪಾಳೆಯಗಾರರು ಒಬ್ಬರ ದನ ಒಬ್ಬರು ಹೊಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ, ಈ ಊರಿಗೆ ಭೈರ ಎಂಬವನು ತಳವಾರನಾಗಿದ್ದ. ಅಪ್ಪ ಆರನೆಯ ಕಲ್ಲಾಗಿ ಏರಿ ಸೇರಿದ ಮೇಲೆ ಮನೆಯಲ್ಲಿ ಉಳಿದವರು ಅವನು ಮತ್ತು ಅವನ ತಾಯಿ ಬೋರಕ್ಕ, ಇಬ್ಬರೇ. ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗಂಡು ಕಾವಲಿಗೆ ಹೊರಟಾಗ ಕತ್ತಿಗೆ ಅರಿಶಿನ ಹಚ್ಚಿ ಕೈಗೆ ಕೊಡುವುದು ತಾಯಿಯ ಹಕ್ಕು, ಹೆಂಡತಿ ಕೂಡ ಅದನ್ನು ಮುಟ್ಟುವಂತಿಲ್ಲ. ಬೋರಕ್ಕ ಹಾಗೆ ಕೊಟ್ಟ ಕತ್ತಿಯಿಂದಲೇ ಒಂದು ಬೇಸಿಗೆಯಲ್ಲಿ ಭೈರ ದನಗಳ್ಳನೊಬ್ಬನನ್ನು ಕೋಡಿಹಳ್ಳದ ತನಕ ಅಟ್ಟಿಸಿಕೊಂಡು ಹೋದ. ಕಳ್ಳ ಎಡವಿ ಬಿದ್ದು, ಮಂಡಿಯೂರಿ ಎರಡೂ ಕೈ ಮುಗಿದ. ಭೈರನ ಕೈ ಅದಾಗಲೇ ಬೀಸಿತ್ತು. ಊರು ಅವನನ್ನು ಹೊತ್ತು ಮೆರೆಸಿತು, ಗೌಡರು ಹೊಸ ರುಮಾಲು ಸುತ್ತಿದರು. ಅವನಿಗೆ ಮಾತ್ರ ಆ ದಿನದಿಂದ ಅನ್ನ ಸೇರಲಿಲ್ಲ. ಉಣ್ಣಲು ಕೂತರೆ ಬಲಗೈ ಎತ್ತಲಾರದೆ ಎದ್ದುಹೋಗುತ್ತಿದ್ದನಂತೆ.

ಆ ವರ್ಷವೇ ಕಾವಿ ಉಟ್ಟ ಪಾದ್ರಿಯೊಬ್ಬರು ಊರೂರು ತಿರುಗುತ್ತಾ ಬಂದು ಇದೇ ಹುಣಸೆಮರದ ಕೆಳಗೆ ತಂಗಿದರು. ಭೈರ ಹೋಗಿ ಅವರ ಎದುರು ಕೂತು ಕೇಳಿದ್ದು ಒಂದೇ ಮಾತು. ಕೈ ಮುಗಿದವನನ್ನು ಕಡಿದ ಕೈಯನ್ನು ತೊಳೆಯುವ ನೀರು ನಿಮ್ಮಲ್ಲಿ ಉಂಟೇ? ಉಂಟು ಎಂದರು ಪಾದ್ರಿ. ಮೂರು ತಿಂಗಳು ಅವರ ಹಿಂದೆ ಅಲೆದು, ಕಲಿತು, ತಲೆಗೆ ದೀಕ್ಷೆಯ ನೀರು ಹಾಕಿಸಿಕೊಂಡು, ಕ್ರೈಸ್ತನಾಗಿ ಇನ್ನಾಸ ಎಂಬ ಹೆಸರು ಪಡೆದು ಬಂದ. ಕತ್ತಿ ಬಿಡು ಎಂದು ಪಾದ್ರಿ ಹೇಳಿರಲಿಲ್ಲ, ಇನ್ನು ಕತ್ತಿ ಮುಟ್ಟೆನೆಂಬ ಆಣೆ ಅವನೇ ಇಟ್ಟುಕೊಂಡದ್ದು ಎನ್ನುತ್ತಾರೆ. ಒಂದು ಬಿದಿರು ದೊಣ್ಣೆ ಹಿಡಿದು ಕಾವಲು ತಿರುಗತೊಡಗಿದ. ಕತ್ತಿಯಿಲ್ಲದ ತಳವಾರ, ಉಪ್ಪಿಲ್ಲದ ಸಾರು ಎಂದು ಊರ ಹೈಕಳು ಆಡಿಕೊಂಡರು. ಬೋರಕ್ಕನಿಗೆ ಅದು ತಲೆ ತಗ್ಗಿಸುವ ಮಾತು. ಅವಳು ಮಗನನ್ನು ಭೈರ ಎಂದೇ ಕರೆಯುತ್ತಿದ್ದಳು. ಆ ಇನ್ನೊಂದು ಹೆಸರನ್ನು ಬಾಯಿಗೆ ತಂದವಳಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ದನ ಬಿಟ್ಟುಕೊಂಡು ಹೋಗಿದ್ದ ಹೆಂಗಸರು ಮಕ್ಕಳು ಒಂಬತ್ತು ಮಂದಿಯನ್ನು ದನಗಳ ಸಮೇತ ಕಳ್ಳರು ಹಿಡಿದರೆಂದು ಕೂಗು ಬಂತು. ಹಳ್ಳದಾಚೆಯ ದಿಣ್ಣೆಯ ಮೇಲೆ ಅವರನ್ನು ಕಟ್ಟಿ ಕೂರಿಸಿ, ನಮ್ಮವನನ್ನು ಕೊಂದ ತಳವಾರ ಬರಲಿ ಎಂದು ಹೇಳಿಕಳಿಸಿದ್ದರು. ಗೌಡರು ಪಕ್ಕದ ಊರಿನಿಂದ ಆಳು ಕೂಡಿಸಲು ಓಡಿದರು. ಇನ್ನಾಸ ಹಿಟ್ಟಿನ ಮುದ್ದೆಯ ಮುಂದೆ ಉಣ್ಣಲು ಕೂತಿದ್ದವನು ಕೈ ತೊಳೆದು ಎದ್ದ. ಬೋರಕ್ಕ ಗಂಡನ ಕತ್ತಿ ಇಳಿಸಿ, ಅರಿಶಿನ ಹಚ್ಚಿ, ಬಾಗಿಲಿಗೆ ಅಡ್ಡ ನಿಂತು ಚಾಚಿದಳು. ಅವನು ಅದನ್ನು ಮುಟ್ಟಲಿಲ್ಲ. ಬಗ್ಗಿ ಅವಳ ಕಾಲು ಮುಟ್ಟಿ, ದೊಣ್ಣೆಯನ್ನೂ ಮೂಲೆಗೆ ಒರಗಿಸಿ ಹೊರಟ. ಆಗ ಆ ತಾಯಿ ಅವನ ಬೆನ್ನಿಗೆ ಆಡಬಾರದ ಮಾತು ಆಡಿದಳು. "ಬರಿಗೈಲಿ ಹೋಗೋನಿಗೆ ಆ ಏರಿ ಮೇಲೆ ಕಲ್ಲು ನಿಲ್ಲಾಕಿಲ್ಲ ಕಣೋ. ನಿಮ್ಮಪ್ಪನ ಮಗ್ಗುಲಲ್ಲಿ ನಿಂಗೆ ಜಾಗ ಇಲ್ಲ." ಅವನು ಒಂದು ಗಳಿಗೆ ನಿಂತ, ತಿರುಗಿ ನೋಡಲಿಲ್ಲ. ಮಗ ತಿರುಗಿದ್ದರೆ ಮಾತು ವಾಪಸು ತೆಗೆದುಕೊಳ್ಳುತ್ತಿದ್ದೆ ಎಂದು ಅವಳು ಸಾಯುವ ತನಕ ಹೇಳುತ್ತಿದ್ದಳಂತೆ.

ಮುಂದಿನದನ್ನು ಊರಿಗೆ ತಂದವರು ಬಿಡುಗಡೆಯಾದ ಆ ಒಂಬತ್ತು ಮಂದಿಯೇ. ಕಳ್ಳರ ಮುಖಂಡ ಹಳ್ಳದಲ್ಲಿ ಸತ್ತವನ ಅಣ್ಣ. ನನ್ನ ತಮ್ಮನನ್ನು ಕೊಂದವನು ಸಿಕ್ಕರೆ ಇವರನ್ನು ಬಿಡುತ್ತೇನೆ ಎಂದ. ಕೊಂದವನು ನಾನಲ್ಲ, ಬೇರೊಬ್ಬ ಎಂದು ಇನ್ನಾಸ ಹೇಳಬಹುದಿತ್ತು, ಅವನ ಮುಖ ಆ ಕಳ್ಳರಲ್ಲಿ ಯಾರಿಗೂ ಗೊತ್ತಿರಲಿಲ್ಲ. "ನಾನೇ ಕೊಂದೆ, ಕೈ ಮುಗಿದಿದ್ದಾಗ ಕೊಂದೆ. ಇವರನ್ನ ಬಿಟ್ಟುಬಿಡು" ಎಂದ. ತನ್ನ ಕೈಯಾರೆ ಒಂಬತ್ತು ಮಂದಿಯ ಕಟ್ಟು ಬಿಚ್ಚಿ, ಅವರು ಹಳ್ಳ ದಾಟುವ ತನಕ ನೋಡುತ್ತಾ ನಿಂತಿದ್ದು, ಆಮೇಲೆ ಮಂಡಿಯೂರಿದ. ಗೌಡರ ಆಳುಗಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದನಗಳು ಹೋಗಿಯೇ ಹೋದವು.

ಈಗ ನಮ್ಮ ಊರಿನ ಬುದ್ಧಿ ನೋಡಿ. ಒಂಬತ್ತು ಜೀವ ಮನೆ ಸೇರಿದ್ದಕ್ಕಿಂತ ದನ ಹೋದದ್ದೇ ದೊಡ್ಡದಾಯಿತು. ಒಂದೇಟೂ ಹೊಡೆಯದೆ ಕುರಿಯ ಹಾಗೆ ಕತ್ತು ಕೊಟ್ಟವನಿಗೆ ವೀರಗಲ್ಲು ಯಾಕೆ ಎಂದರು ಗೌಡರು. ಬೋರಕ್ಕ ಆಡಿದ ಮಾತನ್ನೇ ಊರು ತಿರುಗಿಸಿ ಅವಳಿಗೆ ಹೇಳಿತು. ಅವಳು ಅಂದಿನಿಂದ ಹಿಟ್ಟು ಮುಟ್ಟದೆ ಗಂಜಿನೀರಿನಲ್ಲಿ ಜೀವ ಹಿಡಿದಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ, ತನ್ನ ಬಾಯಿಂದ ಬಂದದ್ದು ಸುಳ್ಳಾಗಬೇಕು, ಮಗನಿಗೊಂದು ಕಲ್ಲು ನಿಲ್ಲಬೇಕು. ಕೈಯ ಬೆಳ್ಳಿಕಡಗ ಬಿಚ್ಚಿ ಕಲ್ಲುಕುಟಿಗ ಮಾಚಾರಿಗೆ ಕೊಟ್ಟು, ಕೈಗೆ ಕತ್ತಿ ಇಟ್ಟೇ ಕಡೆಯಬೇಕು ಎಂದಳು. ಅವನ ಕೈಲಿ ಕತ್ತಿ ಇರಲಿಲ್ಲವಲ್ಲ ಅಕ್ಕ ಎಂದರೆ, ನೋಡಿದವರು ಸತ್ತ ಮೇಲೆ ಕಲ್ಲು ಹೇಳಿದ್ದೇ ನಿಜ, ಆಗ ಯಾರಾದರೂ ಎತ್ತಿ ಏರಿಯ ಮೇಲೆ ಅವರಪ್ಪನ ಪಕ್ಕ ನಿಲ್ಲಿಸುತ್ತಾರೆ ಎಂದಳಂತೆ. ತಾಯಿಯ ಲೆಕ್ಕ ಅದು. ಏರಿಯಲ್ಲಿ ಜಾಗ ಕೊಡದ ಕಾರಣ ಅವನು ಬಿದ್ದ ದಿಣ್ಣೆಯ ಮೇಲೆಯೇ ಕಲ್ಲು ನೆಡಿಸಿದಳು.

ನೆಟ್ಟ ದಿನ ಗೌಡರ ಮನೆಯಿಂದ ಯಾರೂ ಬರಲಿಲ್ಲ. ಬಂದವಳು ದನಗಾಹಿ ಚಿಕ್ಕತಾಯಮ್ಮ, ಬಿಡುಗಡೆಯಾದ ಒಂಬತ್ತರಲ್ಲಿ ಒಬ್ಬಳು. ನಮ್ಮಿಂದ ಈ ಮುದುಕಿಯ ಮಗ ಹೋದ ಎಂದು ಅಲ್ಲಿಯ ತನಕ ಬೋರಕ್ಕನಿಗೆ ಮುಖ ತೋರಿಸಲು ಅಂಜಿದ್ದವಳು. ಕಲ್ಲನ್ನು ಬಹಳ ಹೊತ್ತು ನೋಡಿ, "ದೊಡ್ಡವ್ವ, ಆ ಕೈಲಿ ಕತ್ತಿ ಇರಲಿಲ್ಲ. ಆ ಕೈಲೇ ನನ್ನ ಕಟ್ಟು ಬಿಚ್ಚಿದ್ದು" ಎಂದಳು. ಬೋರಕ್ಕ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ, ಮಗ ಕೊನೆಗೆ ತನ್ನನ್ನು ಶಪಿಸಿದನೇ ಎಂದು ಕೇಳಿದಳು. ಚಿಕ್ಕತಾಯಮ್ಮ ಅಳುತ್ತಲೇ ಹೇಳಿದಳು. "ಇಲ್ಲ ಕಣವ್ವ. ಕಟ್ಟು ಬಿಚ್ಚೋವಾಗ ಕಿವೀಲಿ ಹೇಳಿದ. ಅವ್ವ ಮುನಿಸ್ಕೊಂಡವ್ಳೆ, ಉಂಡಿರಾಕಿಲ್ಲ, ಹೋಗಿ ಉಣ್ಣೋಕೆ ಹೇಳು ಅಂದ. ಇಷ್ಟು ಸಣ್ಣ ಮಾತ ನಿಂಗೆ ಹೆಂಗೆ ಬಂದು ಹೇಳಲಿ ಅಂತ ಸುಮ್ಕಿದ್ದೆ."

ಬೋರಕ್ಕ ಮರುದಿನ ಹಳ್ಳದ ಮರಳು, ನೀರು, ಒಂದು ಗುಂಡುಕಲ್ಲು ತಂದು ಕತ್ತಿಯನ್ನು ಉಜ್ಜತೊಡಗಿದಳು. ಮಾಚಾರಿ ಉಳಿ ಹಿಡಿದು ಬಂದರೆ ಬೇಡ ಎಂದಳು. ಉಳಿಪೆಟ್ಟಿಗೆ ಮಗನ ಬೆರಳು ಒಡೆದೀತು. ಎರಡು ಬೇಸಿಗೆ ಉಜ್ಜಿದಳು ಎನ್ನುತ್ತಾರೆ. ಅಂಗೈ ಕಿತ್ತು ಬಂದರೆ ಸೀರೆಯ ಸೆರಗು ಸುತ್ತಿಕೊಂಡು ಉಜ್ಜಿದಳಂತೆ. ಚಿಕ್ಕತಾಯಮ್ಮ ದಿನವೂ ನೀರು ಹೊತ್ತು ತಂದಳು. ಕತ್ತಿ ಪೂರ್ತಿ ಅಳಿಸಿದ ದಿನ ಬೋರಕ್ಕ ಕಲ್ಲಿನ ಬುಡದಲ್ಲಿ ಕೂತು, ಹಿಟ್ಟು ಮುರಿದು ಸಾರಿಗೆ ಅದ್ದಿ ನುಂಗಿ, ಆ ಕೈಯನ್ನು ಸವರುತ್ತಾ ಮಗನನ್ನು ಅವನು ಬಯಸಿದ ಹೆಸರಿನಿಂದ ಮೊದಲ ಸಲ ಕರೆದಳು. "ಇನ್ನಾಸ, ಉಂಡೆ ಕಣಪ್ಪ." ಮುಂದೆ ಅವಳೂ ನೀರು ಹಾಕಿಸಿಕೊಂಡಳೆಂದು ಕೆಲವರು, ಇಲ್ಲವೆಂದು ಕೆಲವರು. ನಮ್ಮ ಗುಡಿಯ ಹಳೆಯ ಪುಸ್ತಕಗಳನ್ನು ತಿರುವಿ ನೋಡಿದ್ದೇನೆ, ಅವಳ ಹೆಸರು ನನಗೆ ಸಿಗಲಿಲ್ಲ.

ಏರಿಯ ಮೇಲೆ ಆರನೆಯ ಕಲ್ಲಿನ ಪಕ್ಕ ಒಂದು ಕಲ್ಲಿನಷ್ಟು ಜಾಗ ಈಗಲೂ ಖಾಲಿ ಇದೆ. ಏಳನೆಯದನ್ನು ಅಲ್ಲಿಗೆ ತರೋಣವೆಂದು ನನ್ನ ಕಾಲದಲ್ಲೂ ಎರಡು ಸಲ ಮಾತು ಬಂತು. ಊರಿನ ಹೆಂಗಸರು, ಶಿಲುಬೆಯವರೂ ವಿಭೂತಿಯವರೂ ಸೇರಿ, ಬಿಡಲಿಲ್ಲ. ನವೆಂಬರಿನ ಸತ್ತವರ ಹಬ್ಬದ ದಿನ ದಿಣ್ಣೆಗೆ ಬಂದವರು ಮೇಣದಬತ್ತಿ ಹಚ್ಚುವ ಮೊದಲು ಬುತ್ತಿ ಬಿಚ್ಚುತ್ತಾರೆ. ಮನೆ ಬಿಟ್ಟು ಹೊರಟವರ ಬೆನ್ನಿಗೆ ಕೆಟ್ಟ ಮಾತು ಆಡಿ ಕಳೆದುಕೊಂಡವರು ಹಿಂದೆ ಉಳಿಯುತ್ತಾರೆ. ಅಂಥವರು ಪ್ರತಿ ವರ್ಷವೂ ಇಬ್ಬರು ಮೂವರು ಇದ್ದೇ ಇರುತ್ತಾರೆ. ಒಂದು ತುತ್ತು ಉಂಡು, ಕಲ್ಲಿನ ಆ ನುಣುಪು ತಗ್ಗಿನಲ್ಲಿ ಅಂಗೈ ಇಟ್ಟು, ತಮ್ಮವರ ಹೆಸರು ಹೇಳಿ, ಉಂಡೆ ಕಣಪ್ಪ, ಉಂಡೆ ಕಣವ್ವ ಎನ್ನುತ್ತಾರೆ. ನಾನೂ ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಯಾರ ಹೆಸರೆಂದು ಕೇಳಬೇಡಿ. ಆ ತಗ್ಗು ನನ್ನ ಕೈಗೆ ಸ್ವಲ್ಪ ಚಿಕ್ಕದು, ಹೆಂಗಸರ ಕೈಗೆ ಸರಿಯಾಗಿ ಕೂರುತ್ತದೆ.