ಅವ್ವನವರ ಕಟ್ಟೆಯ ಮೇಲೆ ಬಯೋಡಾಟಾ ಪುರಾಣ

ಮಡ್ಡಿಕೊಪ್ಪದ ಮಾತೋಶ್ರೀ ನಾಗಲಿಂಗಮ್ಮನವರ ಮಠವೆಂದರೆ ಯಾರೂ ಗೋಪುರ, ಮಹಾದ್ವಾರಗಳನ್ನು ಕಣ್ಣ ಮುಂದೆ ತಂದುಕೊಳ್ಳಬಾರದು. ತಗಡಿನ ಚಪ್ಪರ, ಎರಡು ಕೋಣೆ, ಮುಂದೆ ಸಗಣಿ ಸಾರಿಸಿದ ಕಟ್ಟೆ, ಹಿಂದೊಂದು ಬಾವಿ. ಪೂಜ್ಯರಿಗೆ ಗದ್ದುಗೆ ಅಂತ ಪ್ರತ್ಯೇಕವಾಗಿ ಏನೂ ಇರಲಿಲ್ಲ. ಆ ಕಟ್ಟೆಯ ಮೇಲೆಯೇ ಮೊರ ಹಿಡಿದು, ದಾಸೋಹದ ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತ ಕುಳಿತಿರುತ್ತಿದ್ದರು. ಮಂತ್ರಿ ಬಂದರೂ ಅಷ್ಟೇ, ಮುದುಕಿ ಬಂದರೂ ಅಷ್ಟೇ, ಮೊದಲು ಒಂದು ಹಿಡಿ ಬೇಳೆ ಬಂದವರ ಮುಂದೆ ಬೀಳುತ್ತಿತ್ತು. ಆರಿಸುತ್ತ ಮಾತಾಡಬೇಕು. ಅರ್ಧಕ್ಕರ್ಧ ಜನರ ಸಂಕಟ ಬೇಳೆ ಮುಗಿಯುವಷ್ಟರಲ್ಲಿ ತಾನಾಗಿಯೇ ಸಣ್ಣದಾಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಭಕ್ತರ ಬಾಯಲ್ಲಿ ಅವರು ಬರಿ ‘ಅವ್ವನವರು’.

ಇಂಥ ಕಟ್ಟೆಗೆ ಒಂದು ಮಂಗಳವಾರ ಮಧ್ಯಾಹ್ನ ಡಾ. ತ್ರಿಯಂಬಕ ಇಟಗಿಯವರು ಬಂದರು. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಮತ್ತು ಧರ್ಮ ವಿಭಾಗದ ಸಹಪ್ರಾಧ್ಯಾಪಕರು. ಆ ‘ಸಹ’ ಎಂಬ ಎರಡಕ್ಷರ ಹದಿನೇಳು ವರ್ಷದಿಂದ ಅವರ ಎದೆಯ ಮೇಲೆ ಬೀಸುಕಲ್ಲಿನಂತೆ ಕುಳಿತಿತ್ತು. ಮೂರು ಸಲ ಸಂದರ್ಶನಕ್ಕೆ ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದಿದ್ದರು. ನಿವೃತ್ತಿಗೆ ಉಳಿದದ್ದು ಹದಿನಾಲ್ಕು ತಿಂಗಳು. ಬರುವ ಶುಕ್ರವಾರ ಹನ್ನೊಂದು ಗಂಟೆಗೆ ಕಡೆಯ ಸಂದರ್ಶನ. ಇದೂ ತಪ್ಪಿದರೆ ಬೀಳ್ಕೊಡುಗೆಯ ಶಾಲಿನ ಜೊತೆ ಆ ‘ಸಹ’ವನ್ನೂ ಹೊದ್ದುಕೊಂಡು ಮನೆಗೆ ಹೋಗಬೇಕು.

ಇನ್ನು, ಅವರು ಡಾಕ್ಟರೇಟ್ ಪಡೆದ ವಿಷಯ ಯಾವುದು ಗೊತ್ತೇ? ನಿಷ್ಕಾಮ ಕರ್ಮ! ಫಲದ ಆಸೆಯಿಲ್ಲದೆ ಕೆಲಸ ಮಾಡುವುದು ಹೇಗೆಂದು ನಾನೂರಾ ಹನ್ನೆರಡು ಪುಟ ಬರೆದ ಮಹಾನುಭಾವರು ಈಗ ವಶೀಲಿಗಾಗಿ ಮಠಕ್ಕೆ ಬಂದಿದ್ದರು. ಕುಲಪತಿಗಳು ಪ್ರತಿ ಅಮಾವಾಸ್ಯೆಗೆ ಅವ್ವನವರ ಪಾದಕ್ಕೆ ಬೀಳುವವರು. ಪೂಜ್ಯರ ಬಾಯಿಂದ ಒಂದು ಮಾತು ಹೊರಟರೆ ಸಾಕು ಎಂಬುದು ಇಟಗಿಯವರ ಲೆಕ್ಕಾಚಾರ. ಅವ್ವನವರ ಮೇಲೆ ಅವರಿಗೆ ಭಕ್ತಿಯೇನೂ ಇರಲಿಲ್ಲ. ‘ಗ್ರಾಮೀಣ ಅನುಭಾವ: ಒಂದು ಮರುಚಿಂತನೆ’ ಎಂಬ ಲೇಖನದಲ್ಲಿ ಇಂಥವರನ್ನೆಲ್ಲ ಒಂದೇ ಅಡಿಟಿಪ್ಪಣಿಯಲ್ಲಿ ಮುಗಿಸಿದ್ದರು.

ವಿಷಯ ಅರಿಕೆ ಮಾಡಿ, ಸುರುಳಿ ತಂತಿ ಹಾಕಿಸಿದ ದಪ್ಪನೆಯ ಪುಸ್ತಕವೊಂದನ್ನು ಪೂಜ್ಯರ ಮುಂದಿಟ್ಟರು.

“ಏನ್ರಿ ಇದು?” ಎಂದರು ಅವ್ವನವರು.

“ಬಯೋಡಾಟಾ, ತಾಯಿ. ಅರವತ್ನಾಲ್ಕು ಪುಟ. ನನ್ನ ಇಡೀ ಜೀವನ ಚರಿತ್ರೆ ಅಂದ್ಕೊಳ್ಳಿ.”

ಆ ಕಡೆಯ ಮಾತನ್ನು ಆಡದೇ ಇದ್ದಿದ್ದರೆ ಅವರು ಅಂದೇ ಸಂಜೆಯ ಬಸ್ಸಿಗೆ ಊರು ಸೇರುತ್ತಿದ್ದರೋ ಏನೋ. ಅವ್ವನವರು ಮೊರ ಕೆಳಗಿಟ್ಟರು.

“ಚರಿತ್ರಿ ಅಂದ್ರ ಓದಬೇಕಲ್ರಿ. ನಮ್ಮ ಪುರಾಣ ನಿನ್ನೆ ಮುಗದೈತಿ, ವ್ಯಾಸಪೀಠ ಖಾಲಿ ಐತಿ. ಕುಲಪತಿಗೆ ಹೇಳ್ತೀನಂತ. ಆದ್ರ ಏನಂತ ಹೇಳ್ಲಿ? ಮೊದಲು ನಮಗ ತಿಳೀಬೇಕಲ್ಲ. ಸಂಜೀಕ ಓದ್ರಿ.”

ಮಡ್ಡಿಕೊಪ್ಪದ ಪುರಾಣಕ್ಕೆ ಎರಡು ಕಟ್ಟಳೆಗಳಿದ್ದವು, ಅವ್ವನವರ ಗುರುಗಳ ಕಾಲದವು. ವ್ಯಾಸಪೀಠಕ್ಕೇರಿದ ಪುಸ್ತಕಕ್ಕೆ ಮಂಗಳ ಹಾಡುವ ತನಕ ಓದುವವರು ಊರಗಸಿ, ಅಂದರೆ ಊರಬಾಗಿಲು, ದಾಟುವಂತಿಲ್ಲ. ಕೇಳುವವರಲ್ಲಿ ಯಾರೇ ಆಗಲಿ “ಬಿಡಿಸಿ ಹೇಳ್ರಿ” ಎಂದರೆ ಬಿಡಿಸಿ ಹೇಳಬೇಕು. ಅವರು “ತಿಳೀತ್ರಿ” ಎನ್ನುವ ತನಕ ಹಾಳೆ ತಿರುವುವಂತಿಲ್ಲ. ಇಟಗಿಯವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅರವತ್ನಾಲ್ಕು ಪುಟ, ಪುಟಕ್ಕೆ ಒಂದು ನಿಮಿಷ, ಒಂದು ಸಂಜೆಗೆ ಮುಗಿದೇ ಹೋಯಿತು. ಅಯ್ಯೋ ಪಾಪ!

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂವತ್ತು ನಲವತ್ತು ಜನ ಕೈಕಾಲು ತೊಳೆದುಕೊಂಡು ಬಂದು ಕುಳಿತರು. ಎಲ್ಲರ ಮುಂದೆ ಕುರಿ ಕಾಯುವ ಹನುಮವ್ವ, ಎಪ್ಪತ್ತರ ಮುದುಕಿ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ವ್ಯಾಸಪೀಠಕ್ಕೆ ಹೂವೇರಿತು, ಬಯೋಡಾಟಾಕ್ಕೆ ವಿಭೂತಿ ಬಿತ್ತು. ಇಟಗಿಯವರು ಗಂಟಲು ಸರಿಪಡಿಸಿಕೊಂಡು ಆರಂಭಿಸಿದರು.

“ರಾಷ್ಟ್ರೀಯ ವಿಚಾರ ಸಂಕಿರಣ, ಗೋವಾ. ಪ್ರಬಂಧದ ವಿಷಯ: ವೈರಾಗ್ಯ.”

“ಬಿಡಿಸಿ ಹೇಳ್ರಿ,” ಎಂದಳು ಹನುಮವ್ವ.

“ವೈರಾಗ್ಯ ಅಂದರೆ ಎಲ್ಲ ಭೋಗ ಬಿಡೋದು.”

“ಅದು ನಮಗ ಗೊತ್ತೈತ್ರಿ. ಗೋವಾಕ್ಕ ಯಾಕ ಹೋಗಿದ್ರಿ?”

ಇಟಗಿಯವರು ಬಿಡಿಸಿ ಹೇಳಿದರು. ಸಮುದ್ರದ ದಂಡೆಯ ಹೋಟೆಲು, ದೇಶದ ಎಲ್ಲ ಕಡೆಯಿಂದ ಬಂದ ಅರವತ್ತು ಜನ, ಒಬ್ಬೊಬ್ಬರಿಗೆ ಏಳು ನಿಮಿಷ.

“ಏಳು ನಿಮಿಷದಾಗ ವೈರಾಗ್ಯ ಆತೇನ್ರಿ?”

“ಇಲ್ಲ. ಊಟದ ಗಂಟೆ ಆಯ್ತು.”

ಜನ “ಹೌದ್ ಹೌದ್” ಎಂದು ತಲೆದೂಗಿದರು. ಪುರಾಣದಲ್ಲಿ ಇಂಥ ವಿಘ್ನಗಳು ಬರುವುದು ಅವರಿಗೆ ಹೊಸದಲ್ಲ. ಮುಂದಿನ ಸಾಲು ಅಪರಿಗ್ರಹದ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳದಿರುವುದರ, ಮೇಲಿನ ಸಂಕಿರಣ. ಅಲ್ಲಿ ಎಲ್ಲರಿಗೂ ಒಂದೊಂದು ಚೀಲ ಕೊಟ್ಟಿದ್ದರೆಂದು ಬಿಡಿಸಿ ಹೇಳುವಾಗ ತಿಳಿದುಬಂತು. “ನೀವು ಎಷ್ಟ ತಗೊಂಡ್ರಿ?” ಎಂದು ಯಾರೋ ಹಿಂದಿನಿಂದ ಕೇಳಿದರು. ವ್ಯಾಸಪೀಠದ ಮುಂದೆ ಕುಳಿತು ಸುಳ್ಳು ಹೇಳಲು ಇಟಗಿಯವರಿಗೆ ನಾಲಿಗೆ ಬರಲಿಲ್ಲ. “ಎರಡು,” ಎಂದರು ಮೆಲ್ಲಗೆ. ಮೊದಲ ಸಂಜೆ ಒಂಬತ್ತು ಪುಟಕ್ಕೆ ನಿಂತಿತು.

ಬುಧವಾರ ಬೆಳಗಿನಿಂದ ಸಂಜೆಯ ತನಕ ಅವರು ಬೇಳೆ ಆರಿಸಿದರು, ಬಸ್ಸಿನ ವೇಳೆ ವಿಚಾರಿಸಿದರು, ಮತ್ತೆ ಬೇಳೆ ಆರಿಸಿದರು. ಊರಗಸಿ ದಾಟಿ ಓಡಿಹೋಗಬಹುದಿತ್ತು, ಯಾರೂ ಹಿಡಿಯುತ್ತಿರಲಿಲ್ಲ. ಹೋದರೆ ಅವ್ವನವರ ಶಿಫಾರಸಿನ ಮಾತು ಕೈತಪ್ಪುತ್ತದೆ. ಆ ಮಾತಿಲ್ಲದ ಸಂದರ್ಶನದ ರುಚಿ ಅವರು ಮೂರು ಸಲ ನೋಡಿದವರು. ಹೀಗಾಗಿ ಕುಳಿತರು.

ಅಂದು ಸಂಜೆ ಪ್ರಕಟಣೆಗಳ ಅಧ್ಯಾಯ ಬಂತು. ‘ಸಹಲೇಖಕರು: ವಿಭಾಗದ ಮುಖ್ಯಸ್ಥರು’ ಎಂದು ಎಂಟು ಲೇಖನಗಳ ಕೆಳಗೆ ಇತ್ತು.

“ಅವರು ಏನ ಬರದ್ರಿ?” ಎಂದಳು ಹನುಮವ್ವ.

“ಅವರ ಹೆಸರು.”

ಇಡೀ ಕಟ್ಟೆ ಗೊಳ್ಳೆಂದಿತು. ಅವ್ವನವರ ತುಟಿಯಂಚು ಕೂಡ ಕೊಂಚ ಅಲುಗಿತೆಂದು ನೋಡಿದವರು ಹೇಳುತ್ತಾರೆ. ಇಟಗಿಯವರಿಗೆ ಮೊದಲು ಮುಖ ಕೆಂಪಾಯಿತು. ಆಮೇಲೆ ಅವರಿಗೇ ತಿಳಿಯದಂತೆ ನಗು ಬಂತು. ಮುಂದಿನ ಸಾಲಿನಲ್ಲಿ ‘ಉಲ್ಲೇಖಗಳು: ಏಳು’ ಎಂದಿತ್ತು. ಅದನ್ನೂ ಬಿಡಿಸಬೇಕಾಯಿತು. ಬೇರೆ ಪಂಡಿತರು ತಮ್ಮ ಬರಹದಲ್ಲಿ ನಮ್ಮ ಹೆಸರು ಎತ್ತುವುದಕ್ಕೆ ಹಾಗೆನ್ನುತ್ತಾರೆ ಎಂದರು.

“ನಾಮಸ್ಮರಣಿ ಇದ್ದಂಗ ಅನ್ರಿ,” ಎಂದಳು ಹನುಮವ್ವ ಭಕ್ತಿಯಿಂದ. “ಆ ಏಳು ಮಂದಿ ಪುಣ್ಯಾತ್ಮರು ಯಾರ್ರಿ?”

ಇಟಗಿಯವರು ಬೆರಳು ಮಡಿಚಿದರು. “ಬನಾರಸದವರು ಒಬ್ಬರು. ನನ್ನ ವಿದ್ಯಾರ್ಥಿ ಒಬ್ಬ. ಇನ್ನೊಬ್ಬರು ನನ್ನ ವಾದ ತಪ್ಪು ಅಂತ ಬರೆದವರು. ಉಳಿದ ನಾಲ್ಕು...” ಎಂದು ತಡೆದು, “ಉಳಿದ ನಾಲ್ಕೂ ನಾನೇ,” ಎಂದರು.

“ಶಿವಶಿವಾ! ತಮ್ಮ ಹೆಸರು ತಾವ ಜಪ ಮಾಡೋದಾ?”

“ಎಲ್ಲರೂ ಮಾಡ್ತಾರಮ್ಮ.”

“ತಿಳೀತ್ರಿ,” ಎಂದಳು ಹನುಮವ್ವ. ಆ ‘ತಿಳೀತ್ರಿ’ಗಿಂತ ಕಪಾಳಕ್ಕೆ ಹೊಡೆದಿದ್ದರೂ ಇಟಗಿಯವರು ತಡೆದುಕೊಳ್ಳುತ್ತಿದ್ದರು. ಅಂದಿಗೆ ಇಪ್ಪತ್ತಾರು ಪುಟ ಮುಗಿದವು.

ಗುರುವಾರ ಅವರು ಮಧ್ಯಾಹ್ನ ಮೂರಕ್ಕೇ ಎಲ್ಲರನ್ನೂ ಕರೆಸಿದರು. ಇಂದು ಮುಗಿಯಬೇಕು, ನಾಳೆ ಬೆಳಗಿನ ಐದೂವರೆಯ ಬಸ್ಸು ಹಿಡಿಯಬೇಕು. ಸಮಿತಿಗಳು, ಪ್ರಮಾಣಪತ್ರಗಳು, ‘ಮೌನದ ಮಹತ್ವ’ ಎಂಬ ಉಪನ್ಯಾಸದಲ್ಲಿ ಸಮಯ ಮೀರಿ ನಲವತ್ತು ನಿಮಿಷ ಮಾತಾಡಿದ್ದು, ಎಲ್ಲವನ್ನೂ ಕೇಳುವ ಮೊದಲೇ ತಾವಾಗಿ ಬಿಡಿಸಿ ಹೇಳುತ್ತ ಓಟ ಕಿತ್ತರು. ಜನರೂ ಕನಿಕರಪಟ್ಟು “ತಿಳೀತ್ರಿ, ತಿಳೀತ್ರಿ” ಎನ್ನುತ್ತ ಹಾಳೆ ದಾಟಿಸಿದರು. ನಲವತ್ತೊಂದನೆಯ ಪುಟ ಬಂತು. ಅದರಲ್ಲಿ ಒಂದೇ ಸಾಲು.

“ಬೋಧನಾ ಅನುಭವ: ಇಪ್ಪತ್ತೆಂಟು ವರ್ಷ,” ಎಂದು ಓದಿ ಅವರು ಹಾಳೆಗೆ ಕೈ ಹಾಕಿದರು.

“ಬಿಡಿಸಿ ಹೇಳ್ರಿ.”

ಈ ಸಲ ಕೇಳಿದವಳು ಹನುಮವ್ವ ಅಲ್ಲ. ಮೂರು ದಿನದಿಂದ ತುಟಿ ಬಿಚ್ಚದೆ ಕೇಳಿದ್ದ ಅವ್ವನವರು.

“ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ ತಾಯಿ.”

“ಯಾರಿಗೆ?”

“ವಿದ್ಯಾರ್ಥಿಗಳಿಗೆ.”

“ಯಾರ್ಯಾರಿಗೆ?”

ಇಟಗಿಯವರು ಬಾಯಿ ತೆರೆದರು. ಗೋವಾದ ಹೋಟೆಲಿನ ಹೆಸರು ನೆನಪಿತ್ತು, ಪತ್ರಿಕೆಗಳ ಸಂಪುಟ, ಸಂಚಿಕೆ, ಪುಟಸಂಖ್ಯೆಗಳು ನಾಲಿಗೆಯ ತುದಿಯಲ್ಲಿದ್ದವು. ಮಕ್ಕಳ ಹೆಸರು ಬರಲಿಲ್ಲ. ಎತ್ತರದ ಹುಡುಗನೊಬ್ಬ, ಕಿಟಕಿ ಪಕ್ಕ ನಿದ್ದೆ ಮಾಡುತ್ತಿದ್ದವನೊಬ್ಬ, ಹಾಜರಿ ಸಂಖ್ಯೆ ಒಂಬತ್ತು, ಹಾಜರಿ ಸಂಖ್ಯೆ ಹದಿನಾಲ್ಕು. ನಲವತ್ತು ಜನ ಬಾಯಿಬಿಟ್ಟುಕೊಂಡು ಕಾಯುತ್ತಿದ್ದರು, ಚರಿತ್ರೆಯ ಮುಖ್ಯ ಭಾಗ ಈಗ ಬರುತ್ತದೆ ಎಂದು.

“ಒಬ್ಬಳಿದ್ದಳು,” ಎಂದರು ಕೊನೆಗೆ. “ದ್ಯಾಮವ್ವ ಬಾರಕೇರ ಅಂತ. ಎಂ.ಎ. ಎರಡನೇ ವರ್ಷ. ಆತ್ಮದ ಲಕ್ಷಣಗಳ ಪಾಠ ಮಾಡ್ತಿದ್ದೆ. ಎದ್ದು ನಿಂತಳು. ‘ಸರ್, ನಮ್ಮಣ್ಣ ನನ್ನ ಕೂಡ ಜಗಳಾಡಿ ಸಿಟ್ಟಿನಾಗ ಹೋದಾಂವ, ಹಾದ್ಯಾಗ ಸತ್ತ. ಆ ಸಿಟ್ಟು ಆತ್ಮದ ಬೆನ್ನ ಹತ್ತಿ ಹೋಗತೈತೇನ್ರಿ?’ ಅಂತ ಕೇಳಿದಳು.”

“ನೀವು ಏನಂದ್ರಿ?”

“‘ಇದು ಸಿಲಬಸ್ಸಿನಲ್ಲಿಲ್ಲಮ್ಮ, ನಾಲ್ಕನೇ ಘಟಕ ಮುಗಿಸಬೇಕು’ ಅಂದೆ. ಮರುದಿನದಿಂದ ಅವಳು ಬರಲಿಲ್ಲ. ಹುಡುಕಬೇಕು ಅನ್ಕೊಂಡೆ. ಈ ಸಂಕಿರಣ ಮುಗೀಲಿ, ಈ ಲೇಖನ ಮುಗೀಲಿ ಅಂತ ಹನ್ನೊಂದು ವರ್ಷ ಆಯ್ತು.”

ಇಷ್ಟು ಹೇಳಿ ಇಟಗಿಯವರು ಅತ್ತರು. ಮೂಗು ಒರೆಸಿಕೊಳ್ಳಲು ಕರವಸ್ತ್ರ ಸಿಗದೆ ಶಲ್ಯದ ಸೆರಗನ್ನೇ ಹಿಡಿದುಕೊಂಡು, ಸಣ್ಣ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು. ನಾಚಿಕೆಯೂ ಆಗಲಿಲ್ಲ ಅವರಿಗೆ.

ಅವ್ವನವರು ಎದ್ದು ಬಂದು ಬಯೋಡಾಟಾವನ್ನು ಮುಚ್ಚಿದರು. “ಮಂಗಳ ಹಾಡ್ರಿ,” ಎಂದರು.

“ಅವ್ವಾ, ಇನ್ನಾ ಇಪ್ಪತ್ಮೂರು ಪುಟ ಅದಾವಲ್ರಿ,” ಎಂದು ಹನುಮವ್ವ ತಕರಾರು ತೆಗೆದಳು. ಕಟ್ಟಳೆಯೆಂದರೆ ಕಟ್ಟಳೆ.

“ಚರಿತ್ರಿ ಇಲ್ಲಿಗೇ ಬಂದೈತಿ,” ಎಂದರು ಪೂಜ್ಯರು. “ಮುಂದಿಂದು ಇನ್ನಾ ಆಗಿಲ್ಲ.”

ಮಂಗಳವಾಯಿತು, ತೆಂಗಿನಕಾಯಿ ಒಡೆಯಿತು, ಎಲ್ಲರೂ ಬಯೋಡಾಟಾಕ್ಕೆ ಕೈಮುಗಿದರು. ಆಮೇಲೆ ಅವ್ವನವರು ಇಟಗಿಯವರತ್ತ ತಿರುಗಿ ಸಹಜವಾಗಿ ಕೇಳಿದರು: “ಕೊಟ್ಟ ಮಾತು ತಪ್ಪಬಾರದಲ್ರಿ. ಈಗ ಫೋನ್ ಹಚ್ಚಿಸ್ತೀನಿ. ಕುಲಪತಿಗೆ ಏನಂತ ಹೇಳ್ಲಿ?”

ಈ ಒಂದು ಕರೆಗಾಗಿ ಅವರು ಮೂರು ದಿನ ಕಲ್ಲು ಆರಿಸಿದ್ದರು. ಪಕ್ಕದಲ್ಲಿ ಹನುಮವ್ವ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು: “ಬಾರಕೇರ ದ್ಯಾಮವ್ವ ಅಂದ್ರ ಕೆಂಚನಾಳದಾಗ ಹಿಟ್ಟಿನ ಗಿರಣಿ ಇಟ್ಟಾಳಲ್ಲ, ಅಕಿ. ನಮ್ಮ ತಂಗಿ ಮನಿ ಎದುರಿಗೇ.” ಕೆಂಚನಾಳಕ್ಕೆ ಹೋಗುವ ಬಸ್ಸು ಬಡಗಣ ದಿಕ್ಕಿಗೆ, ವಿಶ್ವವಿದ್ಯಾಲಯದ ಬಸ್ಸು ತೆಂಕಣಕ್ಕೆ.

“ನಾಳೆ ನಾನು ಬರೋದಿಲ್ಲ ಅಂತ ಹೇಳಿಬಿಡಿ ತಾಯಿ,” ಎಂದರು ಇಟಗಿಯವರು.

“ಹುಚ್ಚಪ್ಪಾ, ಸಂದರ್ಶನ ಮುಗಿಸಿಕೊಂಡು ಹೋಗ್ರಿ,” ಎಂದಳು ಹನುಮವ್ವ. “ಗಿರಣಿ ಎಲ್ಲಿ ಓಡಿಹೊಕ್ಕೈತಿ?”

“ಗಿರಣಿ ಓಡಿಹೋಗಲ್ಲಮ್ಮ. ಓಡಿಹೋಗೋನು ನಾನು. ನನ್ನ ಕಥೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಕೆಲಸ ಮುಗೀತು ಅಂದರೆ ಇನ್ನೊಂದು ಬರುತ್ತೆ.”

ಅವ್ವನವರು ಫೋನಿನಲ್ಲಿ ಅಷ್ಟೇ ಮಾತು ಹೇಳಿಸಿದರು. ಆಮೇಲೆ ಇಟಗಿಯವರ ತಲೆಯ ಮೇಲೆ ಕೈಯಿಟ್ಟರು. ಹೊರಡುವಾಗ ಅವರು ಆ ಪುಸ್ತಕವನ್ನು ವ್ಯಾಸಪೀಠದ ಮೇಲೆಯೇ ಬಿಟ್ಟು ನಡೆದರು.

ಶುಕ್ರವಾರ ಹತ್ತೂವರೆಗೆ ಕೆಂಚನಾಳದ ಗಿರಣಿಯ ಬಾಗಿಲಲ್ಲಿ ನಿಂತಾಗ ಒಳಗೆ ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ ಹೆಂಗಸೊಬ್ಬಳು ಡಬ್ಬಿ ಹಿಡಿದಿದ್ದಳು. ಆ ಗದ್ದಲದಲ್ಲಿ ಇಟಗಿಯವರು ಇಪ್ಪತ್ತೆಂಟು ವರ್ಷದ ತರಗತಿಯ ಗಂಟಲನ್ನೆಲ್ಲ ಒಟ್ಟುಗೂಡಿಸಿ ಕೂಗಿ ಹೇಳಿದರು: “ದ್ಯಾಮವ್ವಾ, ನಾನು ಇಟಗಿ ಮೇಷ್ಟ್ರು. ಅವತ್ತು ನೀನು ಕೇಳಿದ್ದಕ್ಕೆ ಉತ್ತರ ಹೇಳೋಕೆ ಬಂದೆ. ನನಗೆ ಗೊತ್ತಿಲ್ಲ! ಅವತ್ತೂ ಗೊತ್ತಿರಲಿಲ್ಲ!”

ದ್ಯಾಮವ್ವ ಗುಂಡಿ ಒತ್ತಿ ಗಿರಣಿ ನಿಲ್ಲಿಸಿದಳು. ಯಂತ್ರದ ಪಟ್ಟಿ ನಿಧಾನವಾಗುತ್ತ ನಿಂತಿತು. ಜೋಳ ಬೀಸಲು ಬಂದಿದ್ದ ನಾಲ್ಕು ಜನ ಈ ಪಟ್ಟಣದ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿದರು.

“ಇಷ್ಟ ಹೇಳಿದ್ರ ಸಾಕಿತ್ತಲ್ರಿ ಸರ್ ಅವತ್ತ,” ಎಂದಳು ಅವಳು. ಕಣ್ಣೀರು ಹಿಟ್ಟಿನಲ್ಲಿ ಗೆರೆ ಕೊರೆಯುತ್ತಿತ್ತು. “ನನಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಇಬ್ರೂ ಕೂಡೇ ಕುಂದರತಿದ್ವಿ. ನಾ ಒಬ್ಬಾಕಿನ ಹೋಗಿ ಕುಂತೆ.”

ಅಲ್ಲಿ ವಿಶ್ವವಿದ್ಯಾಲಯದಲ್ಲಿ, ಬರುವುದಿಲ್ಲವೆಂದು ಹೇಳಿ ಕಳಿಸಿದ್ದರೂ, ನಿಯಮದ ಪ್ರಕಾರ ಜವಾನ ಹನ್ನೊಂದು ಗಂಟೆಗೆ ಹೊರಗೆ ಬಂದು ಡಾ. ತ್ರಿಯಂಬಕ ಇಟಗಿಯವರ ಹೆಸರನ್ನು ಮೂರು ಸಲ ಕೂಗಿದನಂತೆ. ಆ ಹೊತ್ತಿಗೆ ಇಟಗಿಯವರು ಗಿರಣಿಯಲ್ಲಿ ಜೋಳದ ಚೀಲದ ಮೇಲೆ ಕುಳಿತು, ದ್ಯಾಮವ್ವನ ಅಣ್ಣನ ಹೆಸರೇನಿತ್ತೆಂದು ಕೇಳುತ್ತಿದ್ದರು.