ಹೂಳು ಮತ್ತು ತುಕ್ಕು ಹಿಡಿದ ಬ್ಲೇಡು

"ಮನಿ ದಾರಿ ಮುಚ್ಚಾಕ ಬಿಡಬ್ಯಾಡ್ರಿ" ಅಂದು ಫಕ್ಕೀರವ್ವ ಕಣ್ಣು ಮುಚ್ಚಿದಳು. ತಿಂಗಳೊಳಗೆ ಹಳ್ಳ ಉಕ್ಕಿ ದಾರಿ ತುಂಬ ಹೂಳು ಬಿತ್ತು. ಗಂಡ ಭರಮಪ್ಪ ಟ್ರ್ಯಾಕ್ಟರ್ ಹೊರಗೆ ತೆಗೆದ.

"ನನ್ನ ಜೋಡಿಸ್ರಿ ಯಜಮಾನ್ರ, ಪುಡಿಪುಡಿ ಮಾಡ್ತೀನಿ" ಅಂದಿತು ಹೊಲದ ಹೆಂಟೆ ಒಡೆಯುವ ಹೊಸ ರೋಟವೇಟರ್. ಜೋಡಿಸಿದ. ಹೂಳೆಲ್ಲ ಕಲಸಿ ದಾರಿ ಭತ್ತದ ಗದ್ದೆಯಂತಾಯಿತು.

"ನನಗ ಪುಡಿ ಮಾಡಾಕ ಬರಂಗಿಲ್ಲ, ಬದಿಗೆ ತಳ್ಳಾಕ ಬರತೈತಿ" ಅಂದಿತು ಮೂಲೆಯಲ್ಲಿದ್ದ, ಟ್ರ್ಯಾಕ್ಟರ್ ಹಿಂದೆ ಕಟ್ಟುವ ತುಕ್ಕು ಹಿಡಿದ ಕಬ್ಬಿಣದ ಬ್ಲೇಡು. ಅದನ್ನು ಜೋಡಿಸಿದ. ಸಂಜೆಯೊಳಗೆ ಅದು ದಾರಿ ಬಿಡಿಸಿತು.

ಬದಿಗೆ ಬಿದ್ದ ಹೂಳು ನಕ್ಕಿತು. "ಮುದುಕಪ್ಪಾ, ಇನ್ನ ಈ ದಾರಿಗೆ ಬರಾವ್ರು ಯಾರು? ಹಳ್ಳ ಬಂದಾಗೆಲ್ಲ ನಾ ಮತ್ತ ಬರ್ತೀನಿ."

"ಬಾ" ಅಂದ ಭರಮಪ್ಪ. "ನಾ ಎಲ್ಲಿಗೂ ಹೋಗಂಗಿಲ್ಲ."

ರಾತ್ರಿ ಹಳ್ಳ ಮತ್ತೆ ಉಕ್ಕಿತು; ಬೆಳಗಾಗುವಷ್ಟರಲ್ಲಿ ಹೂಳು ದಾರಿಗೆ ಬಂದಿತ್ತು. ಭರಮಪ್ಪ ಹೆಂಡತಿಯ ಕುಂಕುಮದ ಭರಣಿ ತೆರೆದು, ಬ್ಲೇಡಿಗೆ ಕುಂಕುಮ ಹಚ್ಚಿ, ಟ್ರ್ಯಾಕ್ಟರ್ ಚಾಲೂ ಮಾಡಿದ.