ಪಂಕ್ತಿ ಬಿಟ್ಟು ಎದ್ದವಳು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲೊಬ್ಬ ಅಜ್ಜಾರು, ಅವರಿಗೊಬ್ಬ ಶಿಷ್ಯ. ಶಿಷ್ಯನ ಹೆಸರು ಹೊಳೆಬಸು. ಹೊಳೆಯ ದಂಡೆಯಲ್ಲಿ ಸಿಕ್ಕ ಕೂಸಿಗೆ ಬೇರೆ ಯಾವ ಹೆಸರಿಟ್ಟಾರು ಹೇಳಿ!

ಮಠದ ತಾಡೋಲೆಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿ ನಕಲು ಮಾಡುವುದು ಅವನ ಕೆಲಸ. ಹಳೇ ಪರದೆಯಲ್ಲಿ ಅಕ್ಷರ ಮಸುಕು ಎಂದು ಭಕ್ತರೊಬ್ಬರು ಹೊಸ ಮಾನಿಟರ್ ತಂದುಕೊಟ್ಟರು. ಫೋರ್ ಕೆ ಅಂತೆ. ಇರುವೆಯ ಕಾಲನ್ನೂ ಎಣಿಸಬಹುದಂತೆ.

ಹೊಳೆಬಸುವಿಗೆ ತಾಡೋಲೆಯ ಚಿಂತೆ ಇರಲಿಲ್ಲ, ಸುಳ್ಳೇಕೆ ಹೇಳಲಿ. ಅವನಿಗೆ ಬೇಕಿದ್ದದ್ದು ಒಂದು ಹಳೇ ಫೋಟೊ. ಅವನು ಮಠಕ್ಕೆ ಸಿಕ್ಕ ದಿನವೇ ತೆಗೆದದ್ದು, ದಾಸೋಹದ ಪಂಕ್ತಿಯದು. ತಾಡೋಲೆಗಳ ಜೊತೆಗೆ ಅದನ್ನೂ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಹಾಕಿದ್ದರು. ಸಾಲಿನ ತುದಿಗೆ ಅವನ ಅವ್ವ ಕೂತಿದ್ದಳೆಂದು ಊರವರು ಹೇಳುತ್ತಿದ್ದರು. ಹಳೇ ಪರದೆಯಲ್ಲಿ ಅಲ್ಲೊಂದು ಕಪ್ಪು ಮಬ್ಬು, ಅಷ್ಟೆ.

ಊರವರು ಇನ್ನೂ ಒಂದು ಮಾತು ಹೇಳುತ್ತಿದ್ದರು. ಆ ಮಠದಲ್ಲಿ ಪಂಕ್ತಿಗೆ ಕೂತವರು ಎಲ್ಲರ ಊಟ ಮುಗಿಯುವ ತನಕ ಏಳುವಂತಿಲ್ಲ. ಆಕೆ ನಡುವೆಯೇ ಎದ್ದಳು. ಹೊಳೆದಂಡೆಯ ಬೇವಿನ ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಕೂಸನ್ನು ಬಿಟ್ಟು ಹೋದವಳು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಕೂಸನ್ನು ಬಿಟ್ಟುಹೋಗುವವಳ ಮುಖ ಹೇಗಿರುತ್ತದೆ? ಅದೊಂದನ್ನು ನೋಡದೆ ಅವನಿಗೆ ಸಮಾಧಾನವಿರಲಿಲ್ಲ.

ಹೊಸ ಮಾನಿಟರ್ ಮೇಜಿಗೇರಿತು. ಗುಂಡಿ ಒತ್ತಿದ. ಸಿಗ್ನಲ್ ಇಲ್ಲ ಎಂದಿತು, ಕಪ್ಪಾಯಿತು. ಮತ್ತೆ ಒತ್ತಿದ. ಮತ್ತೆ ಕಪ್ಪು.

ಆ ಕಪ್ಪಿನಲ್ಲಿ ಅವನ ಮುಖವೇ ಕಾಣುತ್ತಿತ್ತು. ಅವನ ಬೆನ್ನ ಹಿಂದೆ, ಬಾಗಿಲಲ್ಲಿ, ಒಂದು ಸೆರಗು ಸರಿದಂತಾಯಿತು.

ತಿರುಗಿ ನೋಡಿದ. ಯಾರೂ ಇಲ್ಲ. ಹೊಸ್ತಿಲ ಮೇಲೆ ನಾಲ್ಕು ಹನಿ ನೀರು. ಅಜ್ಜಾರು ಜಳಕ ಮಾಡಿ ಹಾದುಹೋಗಿರಬೇಕು ಅಂದುಕೊಂಡ.

ಮೇಜಿನ ಮೇಲೆ, ಕೀಬೋರ್ಡಿನ ಪಕ್ಕಕ್ಕೆ, ಒಂದು ಲೋಟ ನೀರಿತ್ತು. ಹಿತ್ತಾಳೆಯದು. ಮಠದಲ್ಲಿ ಸ್ಟೀಲಿನ ಲೋಟ ಬಂದು ಎಷ್ಟೋ ಕಾಲವಾಯಿತು, ಇದನ್ನೆಲ್ಲಿಂದ ಹುಡುಕಿ ತೆಗೆದರೋ! ಅವನಿಗೆ ರೇಗಿತು.

"ಅಜ್ಜಾರ, ಕರೆಂಟಿನ ಬಾಜೂಕ ನೀರು ಇಡಬ್ಯಾಡ್ರಿ. ಚೆಲ್ಲಿದ್ರ ಎಲ್ಲಾ ಸುಟ್ಟು ಹೋಗತೈತಿ."

ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಅಜ್ಜಾರು ಕತ್ತೆತ್ತಲಿಲ್ಲ. "ಇಟ್ಟವ್ರಿಗೆ ಹೇಳಪಾ" ಅಂದರು.

ಈ ಅಜ್ಜಾರದು ಯಾವಾಗಲೂ ಇದೇ ಚೇಷ್ಟೆ. ಹೊಳೆಬಸು ನೀರನ್ನು ಕಿಟಕಿಯಾಚೆ ಚೆಲ್ಲಿ, ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟ.

ಮರುದಿನವೂ ಪರದೆ ಹತ್ತಲಿಲ್ಲ. "ಹಾಳಾಗಿದ್ದನ್ನ ಕೊಟ್ಟಾರ್ರಿ ಅಜ್ಜಾರ. ತಿರುಗಿ ಕಳಸೂಣು."

ಅಜ್ಜಾರು ಬಂದು ಕಂಪ್ಯೂಟರಿನ ಬೆನ್ನು ನೋಡಿದರು. ವಯರು ಮೇಲಿನ ತೂತಿಗೆ ಸಿಕ್ಕಿಸಿತ್ತು.

"ಕೆಳಗಿಂದು ಯಾತರದು?"

"ಅದು ಗ್ರಾಫಿಕ್ಸ್ ಕಾರ್ಡಿಂದು ರೀ. ಚಿತ್ರ ಅಲ್ಲಿಂದ..." ಹೊಳೆಬಸು ನಾಲಿಗೆ ಕಚ್ಚಿಕೊಂಡ.

"ಮಾತು ಬರೂ ಕಡೆ ಕಿವಿ ಕೊಡಬೇಕಪಾ" ಅಂದು ಅಜ್ಜಾರು ಹೊರಟುಹೋದರು.

ವಯರು ಬದಲಿಸಿದ. ಪರದೆ ಬೆಳಗಿತು! ಕುಣಿದಾಡುವಷ್ಟು ಖುಷಿ. ಆದರೆ ಫೋಟೊ ತೆರೆದರೆ ಅದೇ ಮಸುಕು, ಈಗ ಇನ್ನಷ್ಟು ದೊಡ್ಡ ಮಸುಕು. ಸೆಟ್ಟಿಂಗಿನಲ್ಲಿ ಹುಡುಕಿದ. ಹಳೇ ಪರದೆಗಿದ್ದ ಅಳತೆಯೇ ಮೇಲಿನ ಮಿತಿ, ಅದಕ್ಕೂ ಹೆಚ್ಚಿನದು ಕಾಣಿಸಲೇ ಇಲ್ಲ.

ಪಕ್ಕದಲ್ಲಿ ಮತ್ತೆ ಹಿತ್ತಾಳೆ ಲೋಟ. ತುಂಬಿತ್ತು. ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗೆ. ಎದ್ದು ಹೋಗಿ ಬೇವಿನ ಬುಡಕ್ಕೆ ಚೆಲ್ಲಿ ಬಂದ.

"ಮಸುಕು ಹೋಗವಲ್ದ್ರಿ" ಎಂದು ಅಜ್ಜಾರ ಮುಂದೆ ಕೂತ. ದನಿಯಲ್ಲಿ ಅಳುವಿತ್ತು.

"ಹೊಸಾ ಪರದೆಗೆ ವಯರು ಯಾವುದು ಹಾಕೀದಿ?"

"ಹಳೇದರೀ. ಪೆಟ್ಟಿಗ್ಯಾಗ ಹೊಸಾದಿತ್ತು, ಆದ್ರ ಇದೂ ಚಲೋ ಐತಲ್ಲ ಅಂತ..."

"ಹಳೇ ದಾರೀಲೆ ಹೋದ್ರ ಹಳೇದಷ್ಟ ಕಾಣತೈತಿ. ಊರವರ ಮಾತು ಕೇಳಿ ಅವ್ವನ್ನ ನೋಡಾಕ ಹೊಂಟವನು ನೀನು."

ಹೊಳೆಬಸುವಿನ ಮುಖ ಕಪ್ಪಿಟ್ಟಿತು. ಫೋಟೊದ ಸಂಗತಿ ಅಜ್ಜಾರಿಗೆ ಗೊತ್ತಿದೆ ಅಂದುಕೊಂಡಿರಲಿಲ್ಲ ಅವನು.

ಸಂಜೆಯ ಹೊತ್ತಿಗೆ ಪೆಟ್ಟಿಗೆಯಿಂದ ಹೊಸ ವಯರು ತೆಗೆದು ಸಿಕ್ಕಿಸಿದ. ಸೆಟ್ಟಿಂಗಿನಲ್ಲಿ ದೊಡ್ಡ ಅಳತೆ ಬಂದಿತ್ತು. ಅದನ್ನೇ ಆರಿಸಿದ. ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು.

ಅಬ್ಬಾ! ಪಂಕ್ತಿ ಜೀವಂತ ಎದ್ದು ಬಂದ ಹಾಗಿತ್ತು. ಮುದುಕರ ಹಣೆಯ ಗೆರೆ, ಹೆಂಗಸರ ಬಳೆ, ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆ. ಚಿತ್ರವನ್ನು ಸಾಲಿನ ತುದಿಗೆ ಸರಿಸಿದ.

ಅಲ್ಲಿ ಯಾರೂ ಇರಲಿಲ್ಲ.

ಹಳೇ ಪರದೆಯ ಕಪ್ಪು ಮಬ್ಬು ಬರೀ ಕಂಬದ ನೆರಳು. ಅದರ ಕೆಳಗೆ ಬಡಿಸಿಟ್ಟ ಒಂದು ತಾಟು. ರೊಟ್ಟಿಯ ಒಂದೇ ಒಂದು ತುತ್ತು ಮುರಿದಿತ್ತು.

"ಅಜ್ಜಾರ!" ಕೂಗಿದ. ಅವರು ಓಡಿಬಂದರು. "ಆಕಿ ಇಲ್ಲೇ ಇಲ್ರಿ. ಇದರೊಳಗೂ ನನ್ನ ಬಿಟ್ಟು ಹೋಗ್ಯಾಳ." ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಾರು ಪರದೆಯ ಮುಂದೆ ಬಾಗಿದರು. ಬಹಳ ಹೊತ್ತು ನೋಡಿದರು.

"ತಲಿ ಎತ್ತು. ತಾಟು ಬಿಡು, ತಾಟಿನ ಬಾಜೂಕ ನೋಡು."

ನೋಡಿದ. ಸಾಲಿನಲ್ಲಿ ಎಲ್ಲರ ತಾಟಿನ ಬಲಕ್ಕೂ ಒಂದೊಂದು ಹಿತ್ತಾಳೆ ಲೋಟ. ಈ ತಾಟಿನ ಬಲಕ್ಕೆ ಒದ್ದೆ ನೆಲದ ಮೇಲೆ ಒಂದು ದುಂಡನೆಯ ಗುರುತು ಮಾತ್ರ.

"ಲೋಟಾ ತಗೊಂಡು ಎದ್ದಾಳ್ರಿ."

"ಬಿಟ್ಟು ಹೋಗಾಕಿ ನೀರು ಯಾಕ ಒಯ್ತಾಳ? ನೀ ಜೋಳಿಗ್ಯಾಗ ಅಳಾಕ ಹತ್ತಿದ್ದಿ." ಅಜ್ಜಾರ ದನಿ ಒಡೆಯಿತು. "ಪಂಕ್ತಿಗೂ ಬೇವಿನ ಮರಕ್ಕೂ ನಡಬರಕ ಹೊಳಿ ಮೆಟ್ಟಲ ಅದಾವು. ಅವತ್ತ ಹೊಳಿ ತುಂಬಿತ್ತು, ಮೆಟ್ಟಲ ತುಂಬ ಪಾಚಿ. ಇಷ್ಟ ವರ್ಷ ನಾನೂ ಆಕಿ ಓಡಿ ಹೋದ್ಲು ಅಂತನ ನಂಬಿದ್ದೆನಲ್ಲೋ, ಶಿವನ!"

ಹೊರಗೆ ಹೊಳೆ ಹರಿಯುವ ಸದ್ದು.

"ನಾವು ಊಟ ಮುಗಿಸಿ ಹೋದಾಗ ಜೋಳಿಗಿ ತೂಗತಿತ್ತು" ಎಂದರು ಅಜ್ಜಾರು ಮೆಲ್ಲಗೆ. "ತೂಗವರು ಯಾರೂ ಇರಲಿಲ್ಲ. ನೀ ನಿದ್ದಿ ಹೋಗಿದ್ದಿ. ನಿನ್ನ ತುಟಿ ಒದ್ದಿ ಇದ್ದವು."

ಹೊಳೆಬಸುವಿನ ಗಂಟಲು ಒಣಗಿತ್ತು. ಕೈ ತಾನಾಗಿಯೇ ಪಕ್ಕಕ್ಕೆ ಸರಿದು ತಣ್ಣನೆಯ ಹಿತ್ತಾಳೆಗೆ ತಾಗಿತು. ಲೋಟ ತುಳುಕುವಷ್ಟು ತುಂಬಿತ್ತು. ಹೊಸ್ತಿಲಿನಿಂದ ಮೇಜಿನ ತನಕ ನೆಲದ ಮೇಲೆ ಹನಿ ಹನಿ ನೀರು. ಅಜ್ಜಾರ ಪಾದಗಳಲ್ಲಿ ಒಂದು ಹನಿ ತೇವವೂ ಇರಲಿಲ್ಲ.

"ಅಜ್ಜಾರ," ಎಂದ. "ದಿನಾ ಈ ನೀರು ಇಡವರು ನೀವ ಅಲ್ಲೇನ್ರಿ?"

ಅಜ್ಜಾರು ಬಾಗಿಲ ಕಡೆಗೆ ಒಮ್ಮೆ ಕೈ ಮುಗಿದರು.

"ಇನ್ನ ಚೆಲ್ಲಬ್ಯಾಡ ತಮ್ಮಾ, ಕುಡಿ. ಭಾಳ ದೂರದಿಂದ ತಂದಾಳ."